ಸೂತ್ರದ ಆರು ಮಿಲಿಮೀಟರ್

2025ರ ಮಾರ್ಚ್ 16, ಭಾನುವಾರ
ಹಾರ್ಲೆಮ್, ನೆದರ್‌ಲ್ಯಾಂಡ್ಸ್

ಬುಧವಾರ ರಾತ್ರಿ ಕುಳಿತು ಕಟ್ಟಿದ ಹೊಸ ದಾರ ಸರಿಯಿಲ್ಲವೆಂಬುದು ಇವತ್ತು ಬೆಳಿಗ್ಗೆ ಐಮೌಡನ್ ಕಡಲತೀರದಲ್ಲಿ ಪಟ ಮೇಲೇರಿದ ಅರ್ಧ ನಿಮಿಷದೊಳಗೆ ಗೊತ್ತಾಯಿತು. ಎಡ ರೆಕ್ಕೆಯ ನಡುವೆ, ಆ ದಾರ ಹಿಡಿದಿದ್ದ ಜಾಗದಲ್ಲಿ, ಬಟ್ಟೆ ಸಣ್ಣದಾಗಿ ಮೇಲಕ್ಕೆ ಉಬ್ಬಿಕೊಂಡಿತ್ತು. ಅಕ್ಕಪಕ್ಕದ ದಾರಗಳು ತಂತಿಯಂತೆ ಬಿಗಿದು ನಿಂತಿದ್ದರೆ ಇದೊಂದು ಮಾತ್ರ ಗಾಳಿಗೆ ನಡುಗುತ್ತಿತ್ತು. ದಾರ ಗಟ್ಟಿಯಾಗಿಯೇ ಇತ್ತು, ಕುಣಿಕೆಗಳೂ ಚೆನ್ನಾಗಿದ್ದವು, ಉದ್ದವೂ ತಯಾರಕರು ಕಳಿಸಿಕೊಟ್ಟ ಪಟ್ಟಿಯಲ್ಲಿರುವಂತೆ 640 ಮಿಲಿಮೀಟರೇ ಇತ್ತು. ನಾನು ಎಡವಿದ್ದು ಆ ಪಟ್ಟಿಯನ್ನು ನಂಬಿದ್ದರಲ್ಲಿ.

ನನ್ನ ಬಳಿ ಇರುವುದು 5 ಚದರ ಮೀಟರ್ ವಿಸ್ತೀರ್ಣದ ಪವರ್ ಕೈಟ್. ಇದಕ್ಕೆ ಕಡ್ಡಿಯೂ ಇಲ್ಲ, ಬಾಲಂಗೋಚಿಯೂ ಇಲ್ಲ. ಎರಡು ಪದರ ಬಟ್ಟೆಯ ನಡುವೆ ಗಾಳಿ ತುಂಬಿಕೊಂಡಾಗ ಅದು ವಿಮಾನದ ರೆಕ್ಕೆಯ ಆಕಾರ ತಳೆಯುತ್ತದೆ, ಮತ್ತು ಮೂರು ಚಕ್ರದ ಬಗ್ಗಿಯಲ್ಲಿ ಕುಳಿತವನನ್ನು ಮರಳಿನ ಮೇಲೆ ಸಲೀಸಾಗಿ ಎಳೆದುಕೊಂಡು ಹೋಗುತ್ತದೆ. ಈ ಬಗೆಯ ಪಟದ ಮೂಲ ಪುರುಷ ಡೊಮಿನಾ ಜಾಲ್ಬರ್ಟ್. ಆತ 1964ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಪ್ಯಾರಾಫಾಯಿಲ್‌ನ ಅಡಿಯಲ್ಲಿ ತ್ರಿಕೋನಾಕಾರದ ಬಟ್ಟೆಯ ತುಂಡುಗಳು ಇಳಿಬಿದ್ದು ಎಳೆತವನ್ನು ಹಂಚಿಕೊಳ್ಳುತ್ತಿದ್ದವು. ಈಗಿನ ಪಟಗಳಲ್ಲಿ ಆ ಕೆಲಸವೆಲ್ಲ ದಾರಗಳ ಪಾಲಿಗೆ ಬಂದಿದೆ. ಮುಂದಿನ ಅಂಚಿನಿಂದ ಹಿಂದಕ್ಕೆ ಎ, ಬಿ, ಸಿ ಎಂದು ಸಾಲುಗಳು, ಕೊನೆಯಲ್ಲಿ ಬ್ರೇಕಿನ ಸಾಲು. ರೆಂಬೆಗಳು ಕೊಂಬೆಗೆ, ಕೊಂಬೆಗಳು ಕಾಂಡಕ್ಕೆ ಸೇರುವಂತೆ ಹತ್ತಾರು ಸಣ್ಣ ದಾರಗಳು ಕೆಲವೇ ದಪ್ಪ ದಾರಗಳಿಗೆ, ಅವು ಕೊನೆಗೆ ನನ್ನ ಕೈಯಲ್ಲಿರುವ ಎರಡು ಹಿಡಿಕೆಗಳಿಗೆ ಬರುವ ನಾಲ್ಕು ಉದ್ದನೆಯ ದಾರಗಳಿಗೆ ಸೇರುತ್ತವೆ. ಇಲ್ಲಿಯವರು ಇದನ್ನು ಬ್ರೈಡಲ್ ಎನ್ನುತ್ತಾರೆ. ನನಗೆ ಮಾತ್ರ ಅದು ಸೂತ್ರವೇ. ದೊಡ್ಡಬಳ್ಳಾಪುರದಲ್ಲಿ ಆಷಾಢದ ಗಾಳಿಗೆ ಅಪ್ಪ ಕಾಗದದ ಪಟಕ್ಕೆ ಸೂತ್ರ ಕಟ್ಟುವಾಗ ಅಳತೆಪಟ್ಟಿ ಹಿಡಿದದ್ದನ್ನು ನಾನು ನೋಡಿಲ್ಲ. ಗಂಟನ್ನು ಎಳೆದು ಪಟದ ಒಂದು ಮೂಲೆಗೆ ತಾಗಿಸಿ, ನಂತರ ಇನ್ನೊಂದು ಮೂಲೆಗೆ ತಾಗಿಸಿ, ಎರಡೂ ಕಡೆ ಒಂದೇ ಸಮ ಬಂದರೆ ಸಾಕು ಎನ್ನುತ್ತಿದ್ದರು. ಬುಧವಾರ ಈ ಮಾತು ನೆನಪಾಗಿದ್ದರೆ ಮೂರು ಗಂಟೆಯ ಕೆಲಸ ಉಳಿಯುತ್ತಿತ್ತು.

ದಾರ ತುಂಡಾದದ್ದು ಹೋದ ಭಾನುವಾರ. ಪಟವನ್ನು ಇಳಿಸಿ ಮರಳು ಹೇರುವಷ್ಟರಲ್ಲಿ ಗಾಳಿ ಅದನ್ನು ನಾಲ್ಕಾರು ಮೀಟರ್ ಎಳೆದೊಯ್ದಿತು. ಈ ತೀರದಲ್ಲಿ ಕ್ಷೌರದ ಕತ್ತಿಯಂತೆ ಉದ್ದವಾದ, ಅಂಚು ಹರಿತವಾದ ಚಿಪ್ಪುಗಳು ರಾಶಿ ರಾಶಿ ಬಿದ್ದಿರುತ್ತವೆ. ಮತ್ತೆ ಏರಿಸಿದಾಗ ಎಡಗಡೆಯ ಬಿ ಸಾಲಿನ ಒಂದು ದಾರ ಟಪ್ಪೆಂದು ಹರಿಯಿತು. ಅಲ್ಲೇ ತುದಿಗಳನ್ನು ಸೇರಿಸಿ ಗಂಟು ಹಾಕಿದ್ದರಿಂದ ದಾರ ನಾಲ್ಕು ಸೆಂಟಿಮೀಟರ್ ಗಿಡ್ಡವಾಯಿತು, ಪಟ ಎಡಕ್ಕೇ ವಾಲತೊಡಗಿತು. ಅಂಥ ಗಂಟಿನ ಮೇಲೆ ಜೋರು ಗಾಳಿಯಲ್ಲಿ ನಂಬಿಕೆ ಇಡುವುದು ಹೇಗೂ ಸಲ್ಲದು. ಡೈನೀಮಾ ಎಂಬ ಈ ನಾರು ನುಣುಪಾದ್ದರಿಂದ ಗಂಟು ಜಾರುತ್ತದೆ, ಜಾರದೆ ಕಚ್ಚಿಕೊಂಡರೆ ದಾರದ ತಡೆಬಲ ಅರ್ಧದಷ್ಟಕ್ಕೆ ಇಳಿದುಬಿಡಬಹುದು.

ಈ ನಾರು ಇದೇ ದೇಶದ ದಕ್ಷಿಣದ ತುದಿಯಲ್ಲಿರುವ ಲಿಂಬರ್ಗ್ ಪ್ರಾಂತ್ಯದ್ದು. ಡಿಎಸ್‌ಎಂ ಕಂಪನಿಯ ಪ್ರಯೋಗಾಲಯದಲ್ಲಿ ಪೌಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ 1970ರ ದಶಕದ ಕೊನೆಯಲ್ಲಿ ಪಾಲಿಎಥಿಲೀನನ್ನು ದ್ರಾವಕದಲ್ಲಿ ಕರಗಿಸಿ, ಜೆಲ್ಲಿನಂತೆ ಮಾಡಿ, ಎಳೆ ಎಳೆದು ತೆಗೆಯುವ ಕ್ರಮವನ್ನು ಕಂಡುಕೊಂಡರು. ಎಷ್ಟೇ ಬಲವಾಗಿದ್ದರೂ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಅದು ಕರಗುತ್ತದೆ; ಒಂದು ದಾರದ ಮೇಲೆ ಇನ್ನೊಂದು ರಭಸದಿಂದ ಉಜ್ಜಿಕೊಂಡು ಹೋದರೆ ಆ ಬಿಸಿಗೇ ಕಡಿದುಹೋಗುತ್ತದೆ. ಹಾಗಾಗಿಯೇ ನನ್ನ ಪಟದ ಮೂಲ ದಾರಗಳಿಗೆ ಪಾಲಿಯೆಸ್ಟರಿನ ಹೊರಕವಚವಿದೆ. ಆದರೆ ಆರು ವರ್ಷ ಉಪ್ಪುನೀರಿನಲ್ಲಿ ನೆನೆದು ಒಣಗುವಾಗ ಇದೇ ಕವಚ ಸ್ವಲ್ಪ ಸ್ವಲ್ಪವಾಗಿ ಕುಗ್ಗಿ ಒಳಗಿನ ದಾರವನ್ನೂ ಗಿಡ್ಡ ಮಾಡಿಬಿಡುತ್ತದೆ. ಮುಂದಿನ ಎ ಸಾಲಿನ ಮೇಲೆ ಎಳೆತ ಹೆಚ್ಚಾದ್ದರಿಂದ ಅಲ್ಲಿ ನಡೆಯುವುದು ಇದರ ವಿರುದ್ಧ. ಆ ದಾರಗಳು ಹಿಗ್ಗುತ್ತವೆ. ಮುಂದಿನದು ಹಿಗ್ಗಿ ಹಿಂದಿನದು ಕುಗ್ಗಿದರೆ, ಯಾರೋ ಸದಾ ಬ್ರೇಕ್ ಹಿಡಿದಂತೆ ಪಟ ಮಂಕಾಗಿ ಹಾರುತ್ತದೆ, ಗಾಳಿ ಇಳಿದಾಗ ಹಿಂದಕ್ಕೆ ಜೋತುಬೀಳುತ್ತದೆ. ಕಳೆದ ವರ್ಷದಿಂದ ನಾನು ಗಾಳಿಯನ್ನು ಬೈಯುತ್ತಿದ್ದದ್ದಕ್ಕೆ ಕಾರಣ ಇದಿರಬೇಕು.

ಮಧ್ಯಾಹ್ನ ಊಟವಾದ ಮೇಲೆ ಮೇಜಿನ ಅಂಚಿಗೆ ಒಂದು ಮೊಳೆ ಹೊಡೆದು, ದಾರದ ಒಂದು ಕುಣಿಕೆಯನ್ನು ಅದಕ್ಕೆ ಸಿಕ್ಕಿಸಿ, ಇನ್ನೊಂದಕ್ಕೆ ಐದು ಲೀಟರ್ ನೀರು ತುಂಬಿದ ಕ್ಯಾನ್ ತೂಗುಹಾಕಿ ಅಳೆಯುತ್ತ ಕುಳಿತೆ. ಕೈಯಲ್ಲಿ ಎಳೆದು ಹಿಡಿದು ಅಳೆದರೆ ಪ್ರತಿ ಸಲವೂ ಬೇರೆ ಅಂಕಿ ಬರುತ್ತದೆ. ಎಲ್ಲ ದಾರಗಳಿಗೂ ಒಂದೇ ಭಾರವಿದ್ದರೆ ಮಾತ್ರ ಹೋಲಿಕೆಗೆ ಅರ್ಥವಿರುತ್ತದೆ. ತುಂಡಾದ ದಾರದ ಜೋಡಿ, ಅಂದರೆ ಬಲಗಡೆ ಅದೇ ಸ್ಥಾನದಲ್ಲಿರುವ ದಾರ, 634 ಮಿಲಿಮೀಟರ್ ಇತ್ತು. ಎಡಗಡೆಯ ನೆರೆಯ ಎರಡು ದಾರಗಳೂ ಪಟ್ಟಿಯಲ್ಲಿರುವ ಅಳತೆಗಿಂತ ಐದಾರು ಮಿಲಿಮೀಟರ್ ಗಿಡ್ಡವಾಗಿದ್ದವು. ಪಟ್ಟಿ ಹೊಸ ಪಟದ್ದು, ನನ್ನದು ಮುದಿಯಾದ ಪಟ. ಅದರ ದಾರಗಳೆಲ್ಲ ಒಟ್ಟಿಗೆ ಕುಗ್ಗಿರುವಾಗ ಒಂದನ್ನು ಮಾತ್ರ ಕಾಗದದ ಮೇಲಿನ ಅಳತೆಗೆ ತಂದರೆ ಅದು ಸಡಿಲಾಗುತ್ತದೆ, ಅದು ಹೊರಬೇಕಾದ ಎಳೆತವನ್ನು ನೆರೆಯ ಹಳೆಯ ದಾರಗಳು ಹೊರಬೇಕಾಗುತ್ತದೆ. ಹಾಗೆಯೇ ಹಾರಿಸುತ್ತಿದ್ದರೆ ಮುಂದೆ ಹರಿಯುತ್ತಿದ್ದದ್ದು ಅವೇ.

ಸರಿ, 634ಕ್ಕೇ ಹೊಸದನ್ನು ಮಾಡುವುದೆಂದಾಯಿತು, ಒಂದಲ್ಲ, ಎರಡು. ಹೊಸ ದಾರ ಮೊದಲ ಕೆಲವು ಗಂಟೆಗಳ ಹಾರಾಟದಲ್ಲಿ ಹಿಗ್ಗುತ್ತದೆ. ಹಿಗ್ಗುವುದಾದರೆ ಎಡಕ್ಕೂ ಬಲಕ್ಕೂ ಒಂದೇ ಸಮ ಹಿಗ್ಗಲಿ.

ಹೊರಕವಚವಿಲ್ಲದ, ಒಳಗೆ ಪೊಳ್ಳಾಗಿ ಹೆಣೆದ 1.3 ಮಿಲಿಮೀಟರ್ ದಾರ ಮನೆಯಲ್ಲಿತ್ತು. ಮರಳಿನ ಉಜ್ಜಾಟವನ್ನು ಅದು ಹಳೆಯದರಷ್ಟು ತಾಳಲಾರದು, ಆದರೆ ಗಂಟಿಲ್ಲದೆ ಕುಣಿಕೆ ಮಾಡಲು ಅಂಥದ್ದೇ ಬೇಕು. ತುದಿಯನ್ನು ದಾರದ ಹೊಟ್ಟೆಯೊಳಗೇ ತೂರಿಸಿ ಹೂಳಬೇಕು. ಎಳೆತ ಹೆಚ್ಚಿದಷ್ಟೂ ಹೊರಗಿನ ಹೆಣಿಗೆ ಬಿಗಿದು ಒಳಗಿನ ಬಾಲವನ್ನು ಹಿಚುಕಿ ಹಿಡಿಯುತ್ತದೆ. ಹೂಳುವ ಉದ್ದ ದಾರದ ವ್ಯಾಸದ 72 ಪಟ್ಟು ಇರಬೇಕೆಂಬುದು ರೂಢಿಯ ಲೆಕ್ಕ. ನನ್ನ ದಾರಕ್ಕೆ ಅದು ಒಂಬತ್ತೂವರೆ ಸೆಂಟಿಮೀಟರಿನ ಹತ್ತಿರ ಬರುತ್ತದೆ. ಸೂಜಿಯ ಬದಲು ತೆಳ್ಳಗಿನ ತಂತಿಯನ್ನು ಎರಡಾಗಿ ಮಡಚಿ, ಹೆಣಿಗೆಯನ್ನು ಬೆರಳಿನಿಂದ ಒತ್ತಿ ಹುಳುವಿನಂತೆ ಉಬ್ಬಿಸಿ, ಬಾಲವನ್ನು ಒಳಗೆ ಎಳೆದುಕೊಂಡೆ. ಬಾಲದ ತುದಿಯ ಎಳೆಗಳನ್ನು ಹೆಚ್ಚುಕಡಿಮೆ ಮಾಡಿ ಕತ್ತರಿಸಿ ಚೂಪು ಮಾಡಬೇಕು, ಬೆಂಕಿ ಮಾತ್ರ ತೋರಿಸಬಾರದು. ಸುಟ್ಟ ತುದಿ ಗಟ್ಟಿ ಉಂಡೆಯಾಗಿ ಒಳಗೆ ಹೋಗುವುದೇ ಇಲ್ಲ. ಮೊದಲನೆಯದು ಒಂಬತ್ತು ಮಿಲಿಮೀಟರ್ ಗಿಡ್ಡವಾಯಿತು, ಏಕೆಂದರೆ ಬಾಲ ಒಳಸೇರಿದಾಗ ದಾರ ದಪ್ಪವಾಗಿ ಉದ್ದ ಕಳೆದುಕೊಳ್ಳುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದನ್ನು ಬಿಸಾಡಿದೆ. ಎರಡನೆಯದೂ ಮೂರನೆಯದೂ ಒಂದಕ್ಕೊಂದು ಸರಿಹೊಂದಿದವು. ಸಡಿಲವಾಗಿದ್ದಾಗ ಬಾಲ ಹೊರಬರದಂತೆ ಕುಣಿಕೆಯ ಬುಡದಲ್ಲಿ ನಾಲ್ಕು ಹೊಲಿಗೆ ಹಾಕಿದೆ.

ಪಟಕ್ಕೆ ಸಿಕ್ಕಿಸುವುದು ನಾಳೆಯ ಕೆಲಸ. ಬಟ್ಟೆಯ ಪಟ್ಟಿಗೆ ಲಾರ್ಕ್ಸ್ ಹೆಡ್, ಅಂದರೆ ಕುಣಿಕೆಯನ್ನು ಅದರೊಳಗೇ ತೂರಿಸಿ ಬಿಗಿಯುವ ಕಟ್ಟು ಹಾಕಿದರೆ ಸಾಕು, ಅದಕ್ಕೆ ಐದು ನಿಮಿಷವೂ ಬೇಡ. ಅದಕ್ಕೂ ಮುಂಚೆ ಹೂತ ಬಾಲಗಳು ಕಚ್ಚಿ ಕೂರಬೇಕೆಂದು, ಎರಡೂ ದಾರಗಳನ್ನು ಒಂದರ ಪಕ್ಕ ಒಂದು ಮೆಟ್ಟಿಲಿನ ಕಂಬಿಗೆ ಕಟ್ಟಿ ಇಪ್ಪತ್ತು ಕೆಜಿಯ ಸೋನಾ ಮಸೂರಿ ಚೀಲವನ್ನು ತೂಗುಹಾಕಿದ್ದೇನೆ. ಬೆಳಗಿನವರೆಗೆ ಹಾಗೆಯೇ ಇರಲೆಂಬುದು ನನ್ನ ಎಣಿಕೆಯಾಗಿತ್ತು. ಈಗಷ್ಟೇ ಅಡುಗೆಮನೆಯಿಂದ ಕೂಗು ಬಂತು: "ರೀ, ಡಬ್ಬಿಯಲ್ಲಿ ಅಕ್ಕಿ ಖಾಲಿ, ಆ ಚೀಲ ಸ್ವಲ್ಪ ಇಳಿಸ್ತೀರಾ?" ರಾತ್ರಿಗೆ ಚಪಾತಿ ಮಾಡಬಹುದೇ ಎಂದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.