ಹಿಂದೆ ಕೂತವರಿಗೆ ಕೇಳಿಸ್ತಾ?

ಹೋದ ಭಾನುವಾರ ಆರಾಧನೆ ಮುಗಿಸಿ ಹೊರಗೆ ಬರುವಾಗ ಪಕ್ಕದ ಮನೆ ಅಜ್ಜಿ ನನ್ನ ತೋಳು ಹಿಡಿದು ನಿಲ್ಲಿಸಿದರು. ಅವರಿಗೆ 87 ವಯಸ್ಸು. "ನಮ್ಮ ಪಾಸ್ಟರ್ ಇಷ್ಟು ಬೋರ್ ಹೊಡೆಸ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ" ಅಂದರು. ಪಾಸ್ಟರ್ ಎರಡೇ ಹೆಜ್ಜೆ ಆಚೆ ನಿಂತು ಜನರ ಕೈ ಕುಲುಕುತ್ತಿದ್ದರು. ನಾನು ಗಾಬರಿಯಿಂದ ಆ ಕಡೆ ನೋಡಿದೆ. ಅಜ್ಜಿಗೆ ಅದರ ಚಿಂತೆಯೇ ಇಲ್ಲ. "ಆರು ವರ್ಷದಿಂದ ಈ ಮನುಷ್ಯನ ಪ್ರಸಂಗ ನೋಡ್ತಾ ಇದ್ದೆ. ಕೇಳಿದ್ದು ಇವತ್ತೇ ಮೊದಲು."

ನಗು ತಡೆಯೋಕೆ ಆಗಲಿಲ್ಲ. ಕಾರಿನಲ್ಲೂ ನಕ್ಕೆ, ಮನೆಗೆ ಬಂದು ಹೆಂಡತಿಗೆ ಹೇಳುವಾಗಲೂ ನಕ್ಕೆ. ರಾತ್ರಿ ಪಾತ್ರೆ ತೊಳೀತಾ ನಿಂತಾಗ ಮಾತ್ರ ಆ "ನೋಡ್ತಾ ಇದ್ದೆ" ಅನ್ನೋದು ಎಲ್ಲೋ ಚುಚ್ಚಿತು.

ಚರ್ಚಿನ ಹೊಸ ಸೌಂಡ್ ಸಿಸ್ಟಮ್ ಸಮಿತಿಯಲ್ಲಿ ನಾನಿದ್ದೆ. ನನ್ನನ್ನು ಸೇರಿಸಿಕೊಂಡ ಕಾರಣ ಸರಳ. ಕಂಪ್ಯೂಟರ್ ಕೆಲಸ ಮಾಡೋನು, ಅದರಲ್ಲೂ ಇಂಡಿಯಾದವನು. ವೈರು ಇರೋದೆಲ್ಲ ನನಗೆ ಗೊತ್ತಿರುತ್ತೆ ಅಂತ ಇಲ್ಲಿಯವರ ನಂಬಿಕೆ. ನಾನೂ ಇಲ್ಲ ಅನ್ನಲಿಲ್ಲ. ಊರಿನ ಚರ್ಚಿನಲ್ಲಿ ಹನ್ನೆರಡನೇ ವಯಸ್ಸಿಗೇ ಆಂಪ್ಲಿಫೈಯರ್ ಮುಂದೆ ಕುರ್ಚಿ ಹಾಕಿಕೊಂಡು ಕೂತವನು ನಾನು. ಆಗ ನನ್ನ ಕೆಲಸ ಎರಡೇ. ಸ್ಪೀಕರ್ ಕುಂಯ್ ಅಂತ ಕೂಗಿದರೆ ವಾಲ್ಯೂಮ್ ಇಳಿಸೋದು, ಅಯ್ಯನವರು, ಅಂದ್ರೆ ಅಲ್ಲಿನ ಪಾಸ್ಟರ್, ನನ್ನ ಕಡೆ ನೋಡಿದರೆ ಏರಿಸೋದು. ಅವರು ಪ್ರತಿ ವಾರ ಮೈಕು ಹಿಡಿದು ಮೊದಲು ಕೇಳ್ತಿದ್ದದ್ದು ಒಂದೇ ಮಾತು: "ಹಿಂದೆ ಕೂತವರಿಗೆ ಕೇಳಿಸ್ತಾ?" ಹಿಂದಿನಿಂದ ಹುಡುಗರು "ಓ" ಅಂತ ಕೂಗೋರು. ಅಲ್ಲಿಗೆ ನನ್ನ ಪರೀಕ್ಷೆ ಪಾಸ್.

ಇಲ್ಲಿನದು 150 ವರ್ಷ ಹಳೆಯ ಕಲ್ಲಿನ ಕಟ್ಟಡ. ಕತ್ತೆತ್ತಿ ನೋಡಿದರೆ ಟೋಪಿ ಬೀಳುವಷ್ಟು ಎತ್ತರದ ಚಾವಣಿ. ಮುಂದುಗಡೆ ಎರಡು ದೊಡ್ಡ ಸ್ಪೀಕರ್ ಡಬ್ಬ ಇದ್ದವು. ಹಿಂದಿನ ಬೆಂಚಿನವರಿಗೆ ಏನೂ ತಿಳಿಯಲ್ಲ ಅಂತ ವರ್ಷಗಳಿಂದ ದೂರು. ಮೊದಲ ಮೀಟಿಂಗಿನಲ್ಲೇ ನಾನು ಧೈರ್ಯವಾಗಿ ಹೇಳಿದೆ, ಹಿಂದೆ ಇನ್ನೆರಡು ಸ್ಪೀಕರ್ ಹಾಕಿ, ವಾಲ್ಯೂಮ್ ಜಾಸ್ತಿ ಮಾಡಿ, ಮುಗೀತು. ಸ್ಪೀಕರ್ ಮಾರೋಕೆ ಬಂದವನಿಗೂ ನನ್ನ ಮಾತು ಬಹಳ ಹಿಡಿಸಿತು. ಮುಂದಿನ ವಾರ ಬಣ್ಣದ ನಕ್ಷೆ ತಂದ. ಎಂಟು ದೊಡ್ಡ ಡಬ್ಬ, ಜೊತೆಗೆ ದಪ್ಪ ಸದ್ದಿಗೆ ಅಂತಲೇ ಎರಡು ಸಬ್‌ವೂಫರ್. ಗಿಟಾರ್ ಹುಡುಗರ ಮುಖ ಅರಳಿತು. ಆರ್ಗನ್ ನುಡಿಸುವವರು ಮಾತ್ರ ನಕ್ಷೆಯನ್ನು ಮೆಲ್ಲಗೆ ಮಡಚಿ ಪಕ್ಕಕ್ಕಿಟ್ಟರು.

ಆಮೇಲೆ ಬಂದವಳು ಬರೀ ಸದ್ದಿನ ಲೆಕ್ಕ ಮಾಡುವ ಇಂಜಿನಿಯರ್. ಮಾರೋಕೆ ಅವಳ ಹತ್ತಿರ ಏನೂ ಇಲ್ಲ. ಕೈಯಲ್ಲಿ ಒಂದು ಬಲೂನು, ಒಂದು ಸೂಜಿ, ಒಂದು ಸಣ್ಣ ಮೈಕು ಅಷ್ಟೇ. ನಮ್ಮನ್ನೆಲ್ಲ ಸುಮ್ಮನೆ ಕೂರಿಸಿ ಬಲೂನು ಒಡೆದಳು. ಢಂ ಅಂದ ಸದ್ದು ಗೋಡೆ ಗೋಡೆಗೆ ಬಡಿದು, ಚಾವಣಿ ಹತ್ತಿ, ಇಳಿದು, ಸಾಯೋಕೆ ಮೂರು ಸೆಕೆಂಡಿಗಿಂತ ಜಾಸ್ತಿ ತಗೊಂಡಿತು.

ಮೂರು ಸೆಕೆಂಡ್ ಏನು ಮಹಾ ಅಂತ ಅಂದುಕೊಂಡೆ. ಅವಳು ವಿವರಿಸಿದ ಮೇಲೆ ಗೊತ್ತಾಯಿತು. ನಾವು ಮಾತಾಡುವಾಗ ಸೆಕೆಂಡಿಗೆ ನಾಲ್ಕೈದು ಅಕ್ಷರ ಬಾಯಿಂದ ಬರುತ್ತೆ. ಹಿಂದಿನ ಅಕ್ಷರ ಇನ್ನೂ ಗಾಳಿಯಲ್ಲಿ ತೇಲ್ತಿರುವಾಗಲೇ ಮುಂದಿನದು ಅದರ ಮೇಲೆ ಬಂದು ಬೀಳುತ್ತೆ. ಅದರಲ್ಲೂ ಮಾತಿನ ಶಕ್ತಿ ಬಹುಪಾಲು ಸ್ವರಗಳಲ್ಲಿ, ಅರ್ಥ ಇರೋದು ಹೆಚ್ಚಾಗಿ ವ್ಯಂಜನಗಳಲ್ಲಿ. ಮಗಳಿಗೆ ಕನ್ನಡ ಅಕ್ಷರ ಹೇಳಿಕೊಡ್ತಿದ್ದೀನಲ್ಲ, ಹಾಗಾಗಿ ನನಗೆ ತಕ್ಷಣ ಹೊಳೆಯಿತು. ಕಾಲು, ಪಾಲು, ಸಾಲು, ಹಾಲು. ಮೊದಲನೇ ವ್ಯಂಜನ ಅಳಿಸಿಬಿಡಿ, ಉಳಿಯೋದು ಬರೀ "ಆಲು". ಕಲ್ಲಿನ ಗೋಡೆ ಮಾಡೋದು ಇದನ್ನೇ. ವಯಸ್ಸಾದ ಕಿವಿಯೂ ಇದನ್ನೇ ಮಾಡುತ್ತೆ, ಯಾಕಂದ್ರೆ ಮೊದಲು ಹೋಗೋದು ತೆಳು ಸದ್ದು, 2000 ಹರ್ಟ್ಸ್‌ಗಿಂತ ಮೇಲಿನವು, ಅಂದ್ರೆ ಸೆಕೆಂಡಿಗೆ 2000 ಸಲಕ್ಕಿಂತ ಹೆಚ್ಚು ಕಂಪಿಸುವವು. ಇಂಥ ಕಡೆ ವಾಲ್ಯೂಮ್ ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತೆ. ಕದಡಿದ ನೀರು ತಿಳಿಯಾಗಲಿ ಅಂತ ಇನ್ನೊಂದು ಕೋಲು ಹಾಕಿ ಕಲಕಿದ ಹಾಗೆ.

ಎಂಟು ಡಬ್ಬದ ನಕ್ಷೆ ಅವತ್ತೇ ಕಸದ ಬುಟ್ಟಿ ಸೇರಿತು. ನನ್ನ ಸಲಹೆಯೂ.

ಚಹಾ ಕುಡಿಯುವಾಗ ಅವಳೊಂದು ಕಥೆ ಹೇಳಿದಳು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಭಾಷಣದ ಕೊಠಡಿಯಲ್ಲಿ ಏನು ಹೇಳಿದರೂ ತಿಳೀತಿರಲಿಲ್ಲವಂತೆ. ಒಂದು ಸದ್ದು ಅಡಗೋಕೆ ಐದೂವರೆ ಸೆಕೆಂಡ್ ಬೇಕಿತ್ತು. ಸರಿ ಮಾಡು ಅಂತ ವಾಲೇಸ್ ಸೇಬೈನ್ ಅನ್ನುವ, ಇನ್ನೂ ಮೂವತ್ತು ತುಂಬದ ಭೌತಶಾಸ್ತ್ರದ ಮೇಷ್ಟ್ರಿಗೆ ಒಪ್ಪಿಸಿದರು. ಅವರು ರಾತ್ರಿ ಹೊತ್ತು ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಮೆತ್ತೆಗಳನ್ನೆಲ್ಲ ಹೊರಿಸಿಕೊಂಡು ಬಂದು ಈ ಕೊಠಡಿಯಲ್ಲಿ ಹಾಸೋರು. ಆರ್ಗನ್ನಿನ ಒಂದು ಕೊಳವೆ ಊದಿಸಿ, ಗಡಿಯಾರ ಹಿಡಿದು ಸದ್ದು ಎಷ್ಟು ಹೊತ್ತು ಉಳಿಯುತ್ತೆ ಅಂತ ಅಳೆಯೋರು. ಬೆಳಗಾಗುವ ಮೊದಲು ಮೆತ್ತೆಗಳೆಲ್ಲ ವಾಪಸ್. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಕಟ್ಟಿದ್ದು ಈ ಲೆಕ್ಕದ ಮೇಲೆಯೇ. ಆ ರಾತ್ರಿಗಳಲ್ಲಿ ಅವರು ಕಂಡುಕೊಂಡ ಒಂದು ಸಂಗತಿ ನನಗೆ ಮರೆಯೋಕೇ ಆಗ್ತಿಲ್ಲ. ಒಬ್ಬ ಮನುಷ್ಯ ಬಂದು ಕೂತರೆ ಹೆಚ್ಚುಕಡಿಮೆ ಆರು ಮೆತ್ತೆ ಇಟ್ಟಷ್ಟು ಪ್ರತಿಧ್ವನಿ ಕಡಿಮೆಯಾಗುತ್ತೆ.

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾವು ಕೂತಿದ್ದ ಕೋಣೆಯ ಗೋಡೆ ಮೇಲೆ ಚರ್ಚಿನದೊಂದು ಹಳೆಯ ಕಪ್ಪು ಬಿಳುಪು ಫೋಟೋ ಇದೆ. ಬೆಂಚು ತುಂಬಿ, ನಡುವಿನ ದಾರಿಯಲ್ಲೂ ಕುರ್ಚಿ ಹಾಕಿದ್ದಾರೆ. ಈಗ ಭಾನುವಾರ ಅರವತ್ತು ಜನ ಬಂದರೆ ಪಾಸ್ಟರಿಗೆ ಖುಷಿ. "ಮೊದಲು ನನಗೆ ಚೆನ್ನಾಗಿ ಕೇಳಿಸ್ತಿತ್ತು, ಇದೇ ಬೆಂಚಿನಲ್ಲಿ" ಅಂತ ಅಜ್ಜಿ ಎಷ್ಟೋ ಸಲ ಅಂದಿದ್ದರು. ಕಿವಿ ಹೋಯ್ತು ಪಾಪ ಅಂತ ಎಲ್ಲರೂ ತಲೆಯಾಡಿಸಿದ್ದೆವು. ಕಿವಿ ಹೋದದ್ದೂ ನಿಜವೇ. ಆದರೆ ಅಕ್ಕಪಕ್ಕ ಕೂರುತ್ತಿದ್ದವರು ಒಬ್ಬೊಬ್ಬರಾಗಿ ಹೋದಾಗಲೂ ಆರಾರು ಮೆತ್ತೆ ಎದ್ದು ಹೋಗಿತ್ತಲ್ಲ. ಅದನ್ನ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಾಗಾದ್ರೆ ಬೆಂಚಿಗೆಲ್ಲ ಮೆತ್ತೆ ಹಾಕೋಣ ಅಂತ ಯಾರೋ ಅಂದರು. ಆರ್ಗನ್ನಿನವರು ಕುರ್ಚಿಯಿಂದ ಎದ್ದೇ ನಿಂತರು. ಮಾತಿಗೆ ಶತ್ರುವಾದ ಪ್ರತಿಧ್ವನಿ ಆರ್ಗನ್ನಿಗೂ ಹಾಡಿಗೂ ಪ್ರಾಣ. ಕೋಣೆಯನ್ನು ಹಾಗೇ ಬಿಟ್ಟು ಸದ್ದನ್ನೇ ಗುರಿಯಿಟ್ಟು ಕಳಿಸಬೇಕು ಅಂತ ಕೊನೆಗೆ ತೀರ್ಮಾನವಾಯಿತು. ಇದಕ್ಕೆ ಒಂಬತ್ತು ತಿಂಗಳು ಹಿಡಿಯಿತು. ಆರನೇ ಮೀಟಿಂಗಿನ ಹೊತ್ತಿಗೆ ನಮ್ಮೂರಿನ ಸಭೆ ನೆನಪಾಗಿ ಅಳು ಬಂದಿತ್ತು. ಅಲ್ಲಿ ಇಂಥದ್ದು ಒಂದು ಸಂಜೆಯ ಕೆಲಸ.

ಈಗ ಮುಂದಿನ ಎರಡು ಕಂಬಕ್ಕೆ ಆಳೆತ್ತರದ, ಕೈಯಗಲದ ಸ್ಪೀಕರ್ ಇದೆ. ಬಣ್ಣ ಕಲ್ಲಿನದೇ. ಹುಡುಕಿದರೆ ಮಾತ್ರ ಕಾಣುತ್ತೆ. ಒಳಗೆ ಸಣ್ಣ ಸಣ್ಣ ಸ್ಪೀಕರ್‌ಗಳು ಒಂದರ ಕೆಳಗೊಂದು ಸಾಲಾಗಿವೆ. ಹಾಗಿದ್ದಾಗ ಸದ್ದು ಮೇಲಕ್ಕೂ ಕೆಳಕ್ಕೂ ಜಾಸ್ತಿ ಹರಡದೆ ಅಡ್ಡಕ್ಕೆ ಹರಡುತ್ತೆ. ಚಾವಣಿಗೆ ಹೋಗದೆ ಬೆಂಚಿನ ಮೇಲೆ ಬೀಳುತ್ತೆ. ನಡುವಿನ ಕಂಬಗಳಲ್ಲಿ ಇಂಥದ್ದೇ ಇನ್ನೆರಡು ಚಿಕ್ಕವು. ಮಿಕ್ಸರ್, ಕೇಬಲ್ ಕಥೆ ಬಿಡಿ, ಅದರಲ್ಲಿ ರಸ ಇಲ್ಲ. ಮೈಕಿನ ಜಗಳ ಒಂದು ಮಾತು ಹೇಳಬಹುದು. ಕೆನ್ನೆಗೆ ಅಂಟಿಕೊಳ್ಳುವ ಮೈಕು ಪಾಸ್ಟರಿಗೆ ಬೇಡವಾಗಿತ್ತು. ಬಾಯಿಗೂ ಮೈಕಿಗೂ ದೂರ ಎರಡರಷ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತೆ, ಅದನ್ನ ಸರಿದೂಗಿಸೋಕೆ ವಾಲ್ಯೂಮ್ ಏರಿಸಿದರೆ ಮತ್ತೆ ಕುಂಯ್ ಅಂತ ಇಂಜಿನಿಯರ್ ಎರಡು ಸಲ ಹೇಳಿದಳು. ಮೂರನೇ ಸಲ ಹೇಳಿಸಿಕೊಳ್ಳದೆ ಹಾಕಿಕೊಂಡರು.

ನಡುವಿನ ಸ್ಪೀಕರ್‌ಗಳನ್ನು ಹೊಂದಿಸಿದ ದಿನ ನಾನು ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಪಾಸ್ಟರ್ ಮುಂದೆ ನಿಂತು ಕೀರ್ತನೆ ಓದುತ್ತಿದ್ದರು. ದನಿ ಅವರಿಂದ ಬರ್ತಿರಲಿಲ್ಲ, ಪಕ್ಕದ ಕಂಬ ಮಾತಾಡಿದ ಹಾಗೆ ಇತ್ತು. ಇಂಜಿನಿಯರ್ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಳು. ದನಿ ಕಂಬ ಬಿಟ್ಟು ಮೆಲ್ಲಗೆ ಜಾರಿ ಪಾಸ್ಟರ್ ಬಾಯಿಗೆ ಹೋಗಿ ಕೂತಿತು. ಮೈ ಜುಂ ಅಂದಿತು. ಕಣ್ಣು ಬಿಟ್ಟು ನೋಡಿದರೆ ಕಂಬದ ಸ್ಪೀಕರ್ ಆನ್ ಆಗೇ ಇದೆ.

ಅವಳು ಮಾಡಿದ್ದು ಇಷ್ಟೇ. ಶಬ್ದಕ್ಕೆ ಒಂದು ಮೀಟರ್ ದಾಟೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಆ ಕಂಬ ಮುಂದಿನ ಸ್ಪೀಕರಿನಿಂದ 15 ಮೀಟರ್ ಹಿಂದೆ ಇದೆ, ಅಂದ್ರೆ 44 ಮಿಲಿಸೆಕೆಂಡ್. ವೈರಿನಲ್ಲಿ ಹೋಗುವ ಸಿಗ್ನಲ್ ಮಾತ್ರ ಕ್ಷಣದಲ್ಲೇ ಅಲ್ಲಿರುತ್ತೆ. ಅದನ್ನ 44ರ ಮೇಲೆ ಇನ್ನೊಂದು ಹತ್ತು ಮಿಲಿಸೆಕೆಂಡ್ ತಡೆದು ಹಿಡಿದಳು. ಮೊದಲು ಬಂದ ಸದ್ದು ಯಾವ ಕಡೆಯದೋ ಎಲ್ಲವೂ ಆ ಕಡೆಯಿಂದಲೇ ಬಂತು ಅಂತ ಕಿವಿ ನಂಬಿಬಿಡುತ್ತೆ. ಹೆಲ್ಮುಟ್ ಹಾಸ್ ಅನ್ನುವ ಜರ್ಮನ್ ವಿಜ್ಞಾನಿ 1949ರಲ್ಲಿ ಇದನ್ನೇ ವಿವರವಾಗಿ ಬರೆದರಂತೆ.

ಆದರೆ ಅಜ್ಜಿಯ ಮಟ್ಟಿಗೆ ಕೆಲಸ ಮಾಡಿದ್ದು ಇದ್ಯಾವುದೂ ಅಲ್ಲ, ಕಾರ್ಪೆಟ್ಟಿನ ಕೆಳಗೆ ಸುತ್ತಿ ಹಾಕಿದ ಒಂದು ತಾಮ್ರದ ಪಟ್ಟಿ. ಮೈಕಿನ ಸಿಗ್ನಲ್ ಆ ಸುತ್ತಿನಲ್ಲಿ ಹರಿದಾಗ ಬೆಂಚುಗಳ ಮೇಲೆ ಸಣ್ಣ ಕಾಂತಕ್ಷೇತ್ರ ಏಳುತ್ತೆ. ಕೆಲವು ಕಿವಿ ಮಿಷನ್‌ಗಳ ಒಳಗೆ ಅದನ್ನು ಹಿಡಿಯುವ ಪುಟ್ಟ ಸುರುಳಿ ಇರುತ್ತೆ. ಟಿ ಅನ್ನುವ ಗುಂಡಿಗೆ ತಿರುಗಿಸಿದರೆ ಮಿಷನ್ನಿನ ಮೈಕು ಮುಚ್ಚಿಕೊಂಡು ಪಾಸ್ಟರ್ ಮಾತು ನೇರ ಕಿವಿಗೆ ಬೀಳುತ್ತೆ. ಕಲ್ಲು, ಚಾವಣಿ, ಪ್ರತಿಧ್ವನಿ, ಯಾವುದರ ಹಂಗೂ ಇಲ್ಲ. ಪರೀಕ್ಷೆಗೆ ಅಜ್ಜಿಯನ್ನೇ ಅವರ ಬೆಂಚಿನಲ್ಲಿ ಕೂರಿಸಿದೆವು. ನಡುಗುವ ಬೆರಳಿನಿಂದ ಗುಂಡಿ ಹುಡುಕಿ ಒತ್ತಿದರು. ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಗೋಡೆ ಕಡೆ ತಿರುಗಿ ಕೇಳಿದರು, "ಹೀಟರ್ ಆಫ್ ಮಾಡಿದ್ರಾ?"

ಹೀಟರ್ ಗೊರ್ ಅಂತ ಓಡ್ತಾನೇ ಇತ್ತು.

ಈಗ ನನ್ನ ಅಮ್ಮನ ವಿಷಯ. ಊರಿನ ಚರ್ಚಿನಲ್ಲಿ ಅಮ್ಮ ಕೂರ್ತಿದ್ದದ್ದು ಬಾಗಿಲ ಹತ್ತಿರದ ಹಿಂದಿನ ಸಾಲಿನಲ್ಲಿ. ಮನೆಗೆ ನಡೆದು ಹೋಗುವಾಗ ಕೇಳೋಳು, "ಅಯ್ಯನವರು ಇವತ್ತು ಏನು ಹೇಳಿದ್ರೋ?" ನನಗೆ ಸಿಟ್ಟು ಬರ್ತಿತ್ತು. ಮೈಕಿನವನು ನಾನು ತಾನೆ, ಅವಮಾನ ಆದ ಹಾಗೆ. "ಅಷ್ಟು ಜೋರಾಗಿ ಇಟ್ಟಿದ್ದೆ, ಕೇಳಿಸಲಿಲ್ವಾ?"

"ಕೇಳಿಸ್ತು ಮಗಾ. ಏನಂತ ಗೊತ್ತಾಗಲಿಲ್ಲ."

ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಪ್ರಸಂಗದ ದೊಡ್ಡ ದೊಡ್ಡ ಮಾತು ಅವಳಿಗೆ ತಿಳಿಯಲ್ಲ ಅಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡಳು. ಅಮ್ಮ ಕೂಡ ಹಾಗೇ ಅಂದುಕೊಂಡಿರಬೇಕು, ಯಾಕಂದ್ರೆ ಕೆಲವು ವರ್ಷದ ಮೇಲೆ ಕೇಳೋದನ್ನೇ ಬಿಟ್ಟಳು. ಸಿಮೆಂಟಿನ ಗೋಡೆ, ಆ ಬಡಪಾಯಿ ಆಂಪ್ಲಿಫೈಯರ್. ತಾಳೋದಕ್ಕಿಂತ ಜಾಸ್ತಿ ಏರಿಸಿದರೆ ಅದು ದನಿಯ ಅಲೆಯ ತಲೆಯನ್ನೇ ಕತ್ತರಿಸಿ ಒಡಕು ಸದ್ದು ಕೊಡುತ್ತೆ ಅಂತ ಈಗ ಗೊತ್ತು. ಏರಿಸ್ತಿದ್ದ ಕೈ ನನ್ನದೇ.

ನಮ್ಮ ಕಡೆ ಚರ್ಚು ಇನ್ನೂ ತುಂಬುತ್ತೆ. ಮೆತ್ತೆಗೆ ಬರವಿಲ್ಲ. ಅದಕ್ಕೆ ನನಗೆ ಹೆಮ್ಮೆ ಇದೆ, ಇಲ್ಲಿನ ಖಾಲಿ ಬೆಂಚು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತೆ. ಆದರೆ ಹೋದ ತಿಂಗಳು ಅಲ್ಲಿ ಹೊಸ ಸ್ಪೀಕರ್ ಹಾಕಿದ ವೀಡಿಯೋ ಬಂತು. ಕಿಟಕಿ ಗಾಜು ಅದುರೋದು ಕಾಣಿಸುತ್ತೆ. ಕಳಿಸಿದವರು ಕೆಳಗೆ ಬರೆದಿದ್ದರು, ಬೀದಿ ಕೊನೆಗೂ ಕೇಳುತ್ತೆ ಅಂತ. ಬಾಗಿಲ ಹತ್ತಿರ ಕೂತ ಮುದುಕಿಯರನ್ನು ಯಾರಾದರೂ ಕೇಳಿದ್ರಾ ಅಂತ ಟೈಪ್ ಮಾಡಿ ಅಳಿಸಿದೆ. ಎಷ್ಟೋ ವರ್ಷ ನಾನೇ ಕೇಳಿರಲಿಲ್ಲವಲ್ಲ.

ಅಮ್ಮನಿಗೂ ಮೂರು ವರ್ಷದ ಹಿಂದೆ ಕಿವಿ ಮಿಷನ್ ಕೊಡಿಸಿದ್ದೆವು. ಗೊಂಯ್ ಅನ್ನುತ್ತೆ ಅಂತ ಬೀರುವಿನಲ್ಲಿಟ್ಟಿದ್ದಾಳೆ. ಭಾನುವಾರ ರಾತ್ರಿ ಪಾತ್ರೆ ಅರ್ಧಕ್ಕೆ ಬಿಟ್ಟು ಅಕ್ಕನಿಗೆ ಮೆಸೇಜ್ ಹಾಕಿದೆ, ಅದರ ಫೋಟೋ ಕಳಿಸು, ಪೇಪರಿದ್ದರೆ ಅದನ್ನೂ. ಬೆಳಗ್ಗೆ ಬಂತು. ಪೇಪರಿನ ಮೂಲೆಯಲ್ಲಿ ಸಣ್ಣದಾಗಿ ಟಿ. ವೀಡಿಯೋ ಕಾಲ್ ಮಾಡಿದೆ. ಅಕ್ಕ ಪಕ್ಕದಲ್ಲಿ ಕೂತು, ನಾನು ಹೇಳಿದ್ದನ್ನೆಲ್ಲ ಅಮ್ಮನ ಕಿವಿ ಹತ್ತಿರ ನಿಧಾನವಾಗಿ ಮತ್ತೆ ಹೇಳ್ತಿದ್ದಳು.

"ಟಿ ಅಂದ್ರೆ ಏನೋ?" ಅಂದಳು ಅಮ್ಮ.

"ಟೆಲಿಫೋನ್ ಅಮ್ಮ. ಮೊದಲು ಅದನ್ನ ಫೋನಲ್ಲಿ ಮಾತಾಡೋಕೆ ಅಂತಲೇ ಮಾಡಿದ್ದಂತೆ."

ಅಕ್ಕ ಹೇಳಿದಳು. ಅಮ್ಮ ಒಂದು ಕ್ಷಣ ಯೋಚಿಸಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ಅಯ್ಯೋ, ನಾನು ಇಷ್ಟು ವರ್ಷ ನಿನ್ನ ಮುಖ ನೋಡ್ಕೊಂಡು ಸುಮ್ನೆ ಹೂಂ ಹೂಂ ಅಂತಿದ್ದೆ ಕಣೋ."