ಎಳ್ಳು ಬೀರುವುದಕ್ಕೆ ಮುಂಚಿನ ವಾರ

ಸಂಕ್ರಾಂತಿಗೆ ಊರಿಗೆ ಹೋಗುವವರಲ್ಲಿ ಬಹಳ ಮಂದಿ ಹಬ್ಬದ ಹಿಂದಿನ ರಾತ್ರಿ ಬಸ್ಸು ಹತ್ತುತ್ತಾರೆ. ಬೆಳಿಗ್ಗೆ ಕಣ್ಣಿಗೆ ಬೀಳುವುದು ಜೋಡಿಸಿಟ್ಟ ತಟ್ಟೆ: ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು. ಚಿಕ್ಕವರಿದ್ದಾಗ ಅಷ್ಟೇ ಸಾಕಿತ್ತು. ದೊಡ್ಡವರಾದ ಮೇಲಾದರೂ ಒಂದು ವಾರ ಮೊದಲು ಹೋಗಬೇಕು. ಹಳೇ ಮೈಸೂರು ಕಡೆಯ ಮನೆಗಳಲ್ಲಿ ಅಮ್ಮ, ಅಜ್ಜಿ, ಅತ್ತೆಯರ ಕೈ ಎಷ್ಟು ದುಡಿಯುತ್ತದೆ ಎಂಬುದು ಆಗ ಪಕ್ಕದಲ್ಲಿ ಕೂತವರಿಗೇ ಗೊತ್ತಾಗುವುದು.

ಮೊದಲು ಕೊಬ್ಬರಿ. ತಿಪಟೂರು ಕಡೆಯ ಚೆನ್ನಾಗಿ ಒಣಗಿದ ಗಿಟುಕಾದರೆ ಒಳ್ಳೆಯದು. ಕಂದು ಸಿಪ್ಪೆ ಹೆರೆದು, ತೆಳ್ಳಗೆ ಸೀಳಿ, ಹುರಿಗಡಲೆಯ ಗಾತ್ರಕ್ಕೆ ಹೆಚ್ಚಬೇಕು. ಅರ್ಧ ಕಿಲೋ ಹೆಚ್ಚಲು ಒಬ್ಬರೇ ಕೂತರೆ ಮಧ್ಯಾಹ್ನವೆಲ್ಲ ಬೇಕು, ತೋರುಬೆರಳು ಕೆಂಪಾಗುತ್ತದೆ. ಅಚ್ಚು ಬೆಲ್ಲವನ್ನು ಅಡಕತ್ತರಿಯಲ್ಲಿ ಅದೇ ಅಳತೆಗೆ ಕತ್ತರಿಸುತ್ತಾರೆ. ಎರಡನ್ನೂ ಬೇರೆ ಬೇರೆ ಬಟ್ಟೆಯ ಮೇಲೆ ಹರಡಿ ಎರಡು ಮೂರು ದಿನ ಬಿಸಿಲಿಗಿಡಬೇಕು. ಇರುವೆ, ಕಾಗೆ ಕಾಯುವುದು, ಇಬ್ಬನಿ ಬೀಳುವ ಮುಂಚೆ ಒಳಗೆ ತರುವುದು ಸಾಮಾನ್ಯವಾಗಿ ಅಪ್ಪನ ಪಾಲಿಗೆ. ಬೆಲ್ಲದ ಪಸೆ ಆರದಿದ್ದರೆ ಎಲ್ಲ ಅಂಟಿಕೊಂಡು ಹುರಿಗಡಲೆ ಮೆತ್ತಗಾಗುತ್ತದೆ.

ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಉಜ್ಜಿ, ಮೊರದಲ್ಲಿ ಕೇರಿ, ಎರಡು ಹೋಳು ಮಾಡಬೇಕು. ಬಿಳಿ ಎಳ್ಳು ಚಟಪಟ ಅಂದ ಕೂಡಲೇ ಇಳಿಸಬೇಕು, ಕೆಂಪಾದರೆ ಕಹಿ.

ಸಕ್ಕರೆ ಅಚ್ಚು ಮಾತ್ರ ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಬಸವ, ಆನೆ, ತುಳಸಿಕಟ್ಟೆಯ ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿಡಬೇಕು. ಒಣ ಮರಕ್ಕೆ ಪಾಕ ಅಂಟಿ, ಬಿಚ್ಚುವಾಗ ಆನೆಯ ಸೊಂಡಿಲು ಒಳಗೇ ಉಳಿದುಬಿಡುತ್ತದೆ. ಒಂದು ಕಿಲೋ ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೆರಡು ಸೌಟು ಪಾಕವನ್ನಷ್ಟೇ ಸಣ್ಣ ಬಾಣಲೆಗೆ ಹಾಕಿ ಕೈಬಿಡದೆ ತಿರುವಬೇಕು. ಪಾಕ ಗಟ್ಟಿಯಾಗುತ್ತ ಅಂಚಿನಲ್ಲಿ ಬೆಳ್ಳಗಾಗತೊಡಗಿತೆಂದರೆ ಇಳಿಸಿ ಸುರಿಯುವ ಹೊತ್ತು. ಮುಂಚೆ ಸುರಿದರೆ ಅಚ್ಚು ಕಟ್ಟುವುದಿಲ್ಲ, ಸ್ವಲ್ಪ ತಡವಾದರೆ ಬಾಣಲೆಯಲ್ಲೇ ಪುಡಿಯಾಗಿ ಕೂರುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಅಚ್ಚಿನ ನೀರು ಒರೆಸಿ, ಎರಡು ಹೋಳು ಸೇರಿಸಿ ದಾರ ಬಿಗಿದು, ಬಾಯಿ ಮೇಲೆ ಮಾಡಿ ಹಿಡಿದಿರಬೇಕು. ಮೂರನೆಯವರು ತಣ್ಣಗಾದದ್ದನ್ನು ಬಿಚ್ಚಿ, ತಟ್ಟೆಗೆ ಜೋಡಿಸಬೇಕು. "ಹಿಡ್ಕೊಳ್ಳೇ, ಬಂತು ಬಂತು" ಅಂತ ಅತ್ತೆ ಕೂಗಿದಾಗ ಫೋನ್ ನೋಡುತ್ತ ಕೂತಿದ್ದರೆ ಒಂದು ಸರದಿಯೇ ಹಾಳು. ಮಕ್ಕಳು ದೂರದ ಊರು ಸೇರಿದ ಮನೆಗಳಲ್ಲಿ ಅಚ್ಚನ್ನು ಅಂಗಡಿಯಿಂದ ತರುವುದು ಯಾಕೆಂದು ಇಲ್ಲಿ ಅರ್ಥವಾಗುತ್ತದೆ. ಅಮ್ಮನಿಗೆ ಕೆಲಸ ಮರೆತಿಲ್ಲ. ಹಿಡಿಯುವ ಕೈ ಇಲ್ಲ.

ಪಾಕದ ಹದ ಬರೆದುಕೊಂಡರೆ ಬರುವಂಥದ್ದಲ್ಲ. ಅಜ್ಜಿ ಪಕ್ಕದಲ್ಲಿದ್ದಾಗಲೇ ಸೌಟು ಈಸಿಕೊಂಡು ತಿರುವಿ ನೋಡಬೇಕು. ಕೆಟ್ಟರೂ ನಷ್ಟವಿಲ್ಲ, ನೀರು ಬಿಟ್ಟು ಮತ್ತೆ ಕರಗಿಸಿದರಾಯಿತು.

ಬೆರೆಸುವುದು ಹಬ್ಬದ ಹಿಂದಿನ ಸಂಜೆ. ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ ಒಂದೊಂದು ಪಾವು, ಎಳ್ಳು ಕಾಲು ಪಾವು. ಹುರಿದದ್ದೆಲ್ಲ ಪೂರ್ತಿ ಆರಿರಬೇಕು, ಬೆಲ್ಲ ಕೊನೆಗೆ. ಮನೆಮನೆಗೆ ಬೀರಿ ಬರುವ ಓಡಾಟವನ್ನು ಹುಡುಗಿಯರು ಹೇಗೂ ಖುಷಿಯಿಂದ ಮಾಡುತ್ತಾರೆ, ಅದರ ಚಿಂತೆ ಬೇಡ.

ಎಲ್ಲರೂ ಹೊರಟ ಮೇಲೆ ಅಮ್ಮನೊಬ್ಬಳಿಗೇ ಉಳಿಯುವ ಕೆಲಸ ಒಂದಿದೆ. ಅಚ್ಚುಗಳನ್ನು ಬಿಸಿನೀರಲ್ಲಿ ಹಾಕಿ, ಸಂದಿಯಲ್ಲಿ ಉಳಿದ ಸಕ್ಕರೆಯನ್ನು ಹಳೇ ಬ್ರಶ್ಶಿನಿಂದ ತೆಗೆದು, ನೆರಳಲ್ಲಿ ಒಣಗಿಸಿ, ಜೋಡಿ ತಪ್ಪದಂತೆ ಕಟ್ಟಿಡಬೇಕು. ಬಿಸಿಲಿಗಿಟ್ಟರೆ ಮರ ಸೀಳುತ್ತದೆ, ಹಸಿಯಾಗಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಬಸ್ಸಿಗೆ ಹೊರಡುವ ಮುಂಚೆ ಕನಿಷ್ಠ ತೊಳೆದು ನೆರಳಲ್ಲಿ ಹರಡಿಟ್ಟು ಹೋಗಿ.