ಒಂದು ಪದದ ಬೆಳಗು

ಕ್ರೈಸ್ತ ಸುವಾರ್ತಾ ಸೇವೆಗಾಗಿ ಈ ದೇಶಕ್ಕೆ ಬಂದು ಎರಡು ವರ್ಷಗಳಾದರೂ ಪ್ರಾರ್ಥನೆ ಮುಗಿದ ಮೇಲೆ ನನ್ನ ದಿನ ಇಂದಿಗೂ ಭಾಷಾಪಾಠದಿಂದಲೇ ಆರಂಭವಾಗುತ್ತದೆ. ಇಂದಿನ ಬೆಳಗು ಭಾನುವಾರದ ಪ್ರಸಂಗದ ಒಂದೇ ಪದಕ್ಕೆ ಮೀಸಲಾಯಿತು. ‘ಕೃಪೆ’ ಎಂಬುದಕ್ಕೆ ನಾನು ಇಷ್ಟು ದಿನ ಬಳಸುತ್ತಿದ್ದ ಮಾತು ಇಲ್ಲಿಯವರ ಕಿವಿಗೆ ಮೇಲಧಿಕಾರಿ ತೋರುವ ರಿಯಾಯಿತಿಯಂತೆ ಕೇಳಿಸುತ್ತದೆ ಎಂದು ಇಲ್ಲಿನ ಕ್ರೈಸ್ತ ಸಭೆಯ ಹಿರಿಯರೊಬ್ಬರು ಮೆಲ್ಲಗೆ ತಿಳಿಸಿ, ಮಗು ಕೇಳದೆಯೇ ತಾಯಿ ಕೊಡುವುದನ್ನು ಸೂಚಿಸುವ ಬೇರೊಂದು ಪದವನ್ನು ಹೇಳಿಕೊಟ್ಟರು. ಅವರು ತಿದ್ದಿದ್ದು ನನಗೆ ದೊಡ್ಡ ಉಪಕಾರ.

ಮಧ್ಯಾಹ್ನ ರೋಗಿಗಳ ಭೇಟಿ, ಆಮೇಲೆ ವೀಸಾ ನವೀಕರಣದ ಕಾಗದಪತ್ರಗಳು. ಸಂಜೆ, ನಮ್ಮನ್ನು ಕಳುಹಿಸಿದ ಸಭೆಗೆ ತಿಂಗಳ ಪತ್ರ ಬರೆಯುವಾಗ ದೀಕ್ಷಾಸ್ನಾನ (ಕ್ರೈಸ್ತ ವಿಶ್ವಾಸಕ್ಕೆ ಸೇರುವ ನೀರಿನ ಸಂಸ್ಕಾರ) ಪಡೆದವರ ಸಂಖ್ಯೆಯ ಸಾಲಿನಲ್ಲಿ ಪೆನ್ನು ನಿಂತಿತು, ಏಕೆಂದರೆ ಈ ತಿಂಗಳೂ ಯಾರೂ ಇಲ್ಲ. 1793ರಲ್ಲಿ ಬಂಗಾಳಕ್ಕೆ ಬಂದ ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿಯವರು ಅಲ್ಲಿನ ಮೊದಲ ವಿಶ್ವಾಸಿಗೆ ದೀಕ್ಷಾಸ್ನಾನ ಕೊಟ್ಟದ್ದು 1800ರ ಡಿಸೆಂಬರಿನಲ್ಲಿ. ಆ ಏಳು ವರ್ಷಗಳಲ್ಲಿ ಅವರು ಭಾಷೆ ಕಲಿತರು, ಇಂಡಿಗೊ (ನೀಲಿ ಬಣ್ಣ) ಕಾರ್ಖಾನೆಯಲ್ಲಿ ದುಡಿದರು, ತಮ್ಮ ಪುಟ್ಟ ಮಗನನ್ನು ಮಣ್ಣು ಮಾಡಿದರು. ನಾನು ಸೊನ್ನೆ ಎಂದೇ ಬರೆದು, ಅದರ ಕೆಳಗೆ ಹಿರಿಯರು ಕಲಿಸಿದ ಪದವನ್ನು ವಿವರಿಸಿದೆ.